ಗಂಡಿನ ಕಡೆಯವರ ಅಭಿಪ್ರಾಯ

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಒಬ್ಬರಾದ ಮೇಲೊಬ್ಬರು ಬೇಡವೆಂದರು. ಏಕೆಂದು ಯಾರೂ ಬಾಯಿ ಬಿಡಲಿಲ್ಲ. ಮಂದ್ರೂಪದ ಹುಡುಗ ನನಗೆ ನಿಜಕ್ಕೂ ಹಿಡಿಸಿದ್ದ. ಅವನೂ ಬೇಡವೆಂದಾಗ, ಕೊರತೆ ನನ್ನಲ್ಲೇ ಇದೆ ಎಂದು ನಂಬಿಬಿಟ್ಟೆ.

ಅವರು ಬರೆದುಕೊಟ್ಟ ಕಾರಣಗಳೆಲ್ಲ ಅಕ್ಕಲಕೋಟೆಯ ವಧು-ವರ ಕೇಂದ್ರದ ಕಂಪ್ಯೂಟರಿನಲ್ಲಿದ್ದವು. ಕೇಂದ್ರ ನಡೆಸುವ ಭೀಮಶಾ ಕಾಕಾ ಅವನ್ನು ಯಾರೂ ಓದದಂತೆ ಡೇಟಾಬೇಸಿನಲ್ಲೇ ಗೂಢಲಿಪಿ ಮಾಡಿಸಿದ್ದರು. ಈಗ ಹಳೆಯ ಸಾಫ್ಟ್‌ವೇರ್ ಕೆಟ್ಟು ಅವರಿಗೂ ಓದಲಾಗುತ್ತಿರಲಿಲ್ಲ. ಪಾಸ್‌ವರ್ಡ್ ಮಾತ್ರ ನೆನಪಿತ್ತು: ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು, ಎಲ್ಲ ಒಂದೇ ಉಸಿರಿನಲ್ಲಿ.

"ನಾ ತಗದ ಕೊಡ್ತೀನ್ರಿ ಕಾಕಾ," ಎಂದು ನನ್ನ ಜೊತೆ ಕೇಂದ್ರಕ್ಕೆ ಬಂದಿದ್ದ ನಮ್ಮಣ್ಣ ಧೀರಜ ಮುಂದೆ ನುಗ್ಗಿದ. "ನನ್ನ ತಂಗಿ ಯೋಗಿತಾನ್ಯಾಗ ಯಾರ್ಯಾರು ಕೊರತಿ ತಗದಾರ, ಒಬ್ಬೊಬ್ಬರನ್ನ ನೋಡ್ಕೋತೀನಿ."

"ನಿಮ್ಮ ಮನಿದಷ್ಟ ತಗೀರಿ ಮತ್ತ," ಎಂದರು ಕಾಕಾ.

ಮಹಾಶಯ ಎಲ್ಲಿಂದಲೋ ಗೂಢಲಿಪಿ ಬಿಡಿಸುವ ಒಂದು ಟೂಲ್ ಇಳಿಸಿಕೊಂಡು ಪಾಸ್‌ವರ್ಡ್ ಒತ್ತಿದ. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳ ಕಸ.

"ಡೇಟಾ ಖರಾಬ ಆಗ್ಯದ," ಎಂದು ತೀರ್ಪು ಕೊಟ್ಟ.

ಸೊಲ್ಲಾಪುರದ ದವಾಖಾನೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಕೆಲಸ. ಅಣ್ಣನಿಗೆ ಹೇಳಿದೆ: "ದಾದಾ, ಪಾಸ್‌ವರ್ಡ್ ಉದ್ದ ಅದ. ಡೇಟಾಬೇಸ್ ಅದನ್ನ ಮಡಚಿ ಸಣ್ಣದ ಮಾಡ್ಕೋತದ. ನಿನ್ನ ಟೂಲ್ ಹೆಚ್ಚಾಗಿದ್ದು ಕತ್ತರಿಸಿ ಒಗೀತದ. ಸೀರಿ ಪೆಟ್ಟಿಗ್ಯಾಗ ಹಿಡೀಲಿಲ್ಲಂದ್ರ ಮಡಚ್ತಾರ, ಕತ್ತರಿಸ್ತಾರೇನು?"

"ನೀ ಸುಮ್ನ ಕುಂದ್ರು. ನಿನಗ ತಿಳ್ಯಂಗಿಲ್ಲ."

ಅವನಿಗೆ ಫೋನ್ ಬಂತು, ಹೊರಗೆ ಹೋಗಿ ಯಾರಿಗೋ ಬುದ್ಧಿ ಹೇಳತೊಡಗಿದ. ಅಷ್ಟರಲ್ಲಿ ನಾನು ಪಾಸ್‌ವರ್ಡನ್ನು ಡೇಟಾಬೇಸ್ ಮಡಚುವಂತೆಯೇ ಮಡಚಿ ಟೂಲಿಗೆ ಕೊಟ್ಟೆ. ಅಕ್ಷರಗಳು ಮೂಡಿದವು. ಒಳಗೆ ಬಂದವನೇ ನನ್ನನ್ನು ಸರಿಸಿ, ತಾನೇ ಗೆದ್ದವನಂತೆ ದೊಡ್ಡ ದನಿಯಲ್ಲಿ ಓದಿದ.

ನಂದೇಶ್ವರದವರು: "ಹುಡುಗಿ ಪಸಂದ. ಆಕಿ ಅಣ್ಣನ ಜೋಡಿ ನಿಭಾಯಿಸೂದು ಆಗಂಗಿಲ್ಲ."

ಅವನ ದನಿ ಇಳಿಯಿತು. ಮಂದ್ರೂಪದ್ದನ್ನು ನಾನೇ ಓದಿಕೊಂಡೆ: "ಹುಡುಗಿ ಭಾಳ ಹಿಡಿಸ್ಯಾಳ. ಏನ ಕೇಳಿದ್ರೂ ಅಣ್ಣ ಉತ್ತರ ಕೊಟ್ಟ. ಲಗ್ನ ಯಾರ ಜೋಡಿ ಮಾಡ್ಕೋಬೇಕು?"

ಭೀಮಶಾ ಕಾಕಾ ಚಷ್ಮಾ ಒರೆಸುತ್ತ ಕೂತರು.

"ಟೂಲ್ ಬರೋಬರಿ ಇಲ್ಲ," ಎಂದ ಅಣ್ಣ. "ಇನ್ನೂ ಕಸಾನ ಬರಾಕತ್ತದ."

ನನಗೆ ಅಳು ಬಂತು. ಈ ಮೂರ್ಖನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಷ್ಟು ದಿನ ಕನ್ನಡಿಯಲ್ಲಿ ನನ್ನ ಮುಖವನ್ನೇ ಹಳಿದುಕೊಂಡೆನಲ್ಲ! ಕಣ್ಣೊರೆಸಿಕೊಂಡು ಕಾಕಾನ ಕಡೆ ತಿರುಗಿದೆ.

"ಕಾಕಾ, ಮಂದ್ರೂಪದವರ ಲಗ್ನ ಆಗ್ಯದೇನ್ರಿ?"

"ಆಗ್ಯದ, ಹೋದ ತಿಂಗಳ," ಎಂದು ಅಣ್ಣ ಉತ್ತರ ಕೊಟ್ಟ.