ಚಕ್ರದ ಮೇಲೆ ಅಂಗೈ

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಉದ್ಯಾವರದ ಹೊಳೆಬದಿಯ ಹಂಚಿನ ಕಾರ್ಖಾನೆಗೆ ಎಪ್ಪತ್ತೇಳನೇ ಇಸವಿಯಲ್ಲಿ ಮ್ಯಾನೇಜರಾಗಿ ಬಂದ ಹಯಗ್ರೀವನೂ ಅದೇ ಸಾಲಿನವನು. ಮೊದಲ ವಾರವೇ ಅವನ ಕಣ್ಣು ಬಿದ್ದದ್ದು ಬೆಳಗಿನ ಮೌನದ ಮೇಲೆ.

ಎಂಟಕ್ಕೆ ಸೈರನ್ ಕೂಗಿದರೂ ಮಣ್ಣು ಅರೆಯುವ ಯಂತ್ರ ಹೊರಡುತ್ತಿರಲಿಲ್ಲ. ಅದನ್ನು ನಡೆಸುವ, ಬ್ಯಾರಿ ಮುಸ್ಲಿಮರಾದ ಮೊಯಿದಿನಬ್ಬ ಅದರ ದೊಡ್ಡ ಚಕ್ರಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಚಂಪಾ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಸ್ಟ್ಯಾನಿಸ್ಲಾಸ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿದ್ದ. ಎಂಬತ್ತು ಜನ ತುಟಿ ಬಿಚ್ಚದೆ ನಿಲ್ಲುತ್ತಿದ್ದರು. ಮೊಯಿದಿನಬ್ಬ ಕೈ ತೆಗೆದ ಮೇಲೆಯೇ ಸ್ವಿಚ್ಚು.

"ದೇವರು ಮನೆಯಲ್ಲಿರಲಿ," ಎಂದ ಹಯಗ್ರೀವ. "ನಾಳೆಯಿಂದ ಸೈರನ್ ಆದ ಕೂಡಲೇ ಯಂತ್ರ ಓಡಬೇಕು. ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ."

ಐವತ್ತೆಂಟರ ಮೊಯಿದಿನಬ್ಬರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಮರುದಿನ ಹಯಗ್ರೀವನೇ ಸ್ವಿಚ್ಚಿನ ಹತ್ತಿರ ನಿಂತ. ಸೈರನ್ ಕೂಗಿತು. ಮೊಯಿದಿನಬ್ಬರ ಕೈ ಚಕ್ರದ ಮೇಲೆಯೇ ಇತ್ತು.

"ಬ್ಯಾರಿಗಳೇ, ಕೈ ತೆಗೆಯಿರಿ."

"ಇಲ್ಲ ಸಾರ್. ಒಳಗೆ ಜೀವ ಉಂಟು."

ಹಯಗ್ರೀವನ ಪಿತ್ತ ನೆತ್ತಿಗೇರಿತು. ನಿಂತ ಕಬ್ಬಿಣಕ್ಕೆ ಎಂತ ಜೀವ!

"ನೀವೇ ಮುಟ್ಟಿ ನೋಡಿ ಸಾರ್. ಮತ್ತೆ ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಿರಿ, ಅಡ್ಡಿಯಿಲ್ಲ."

ಬೈಯುವುದಕ್ಕೊಂದು ನೆಪವಾಯಿತೆಂದೇ ಅವನು ಅಂಗೈ ಇಟ್ಟ. ಚಕ್ರ ತಣ್ಣಗಿತ್ತು. ಆಮೇಲೆ ಆ ತಂಪಿನ ಆಳದಿಂದ ಏನೋ ಮೆಲ್ಲಗೆ ಬಡಿಯಿತು, ಬಸುರಿಯ ಹೊಟ್ಟೆಯಲ್ಲಿ ಮಗು ಒದ್ದ ಹಾಗೆ. ಮತ್ತೊಮ್ಮೆ ಬಡಿಯಿತು. ಅವನು ಬೆಚ್ಚಿ ಕೈ ಹಿಂದೆಗೆದ.

ಸ್ಟ್ಯಾನಿಸ್ಲಾಸ್ ಓಡಿಹೋಗಿ ಯಂತ್ರದ ಬಾಯಿಗೆ ಬಗ್ಗಿದ. "ಅಯ್ಯೋ, ದೇಜಪ್ಪಣ್ಣ ಒಳಗಿದ್ದಾರೆ!"

ಯಂತ್ರ ಶುಚಿ ಮಾಡುವ ದೇಜಪ್ಪನಿಗೆ ಕಿವಿ ಮಂದ. ಹೊಸ ಸಾಹೇಬರ ಆರ್ಡರಿಗೆ ತಡವಾಗಬಾರದೆಂದು, ಯಾರಿಗೂ ಹೇಳದೆ ಏಳೂವರೆಗೇ ಅದರೊಳಗೆ ಇಳಿದು, ಅಲಗುಗಳಿಗೆ ಅಂಟಿ ಒಣಗಿದ ಮಣ್ಣು ಕೆರೆಯುತ್ತಿದ್ದ. ಸೈರನ್ ಅವನಿಗೆ ಕೇಳಿರಲಿಲ್ಲ. ಕೈಹಿಡಿದು ಎತ್ತಿದಾಗ ಮೈಯೆಲ್ಲ ಮಣ್ಣು; ನಗುತ್ತಾ ಕೇಳಿದ, "ಹೊತ್ತಾಯಿತಾ ಸಾರ್?"

ಹಯಗ್ರೀವ ಸ್ವಿಚ್ಚು ಒತ್ತಬೇಕಿದ್ದ ಬೆರಳನ್ನೇ ನೋಡುತ್ತಾ ನಿಂತ. ದಿನಾ ಮನೆಯಲ್ಲಿ ಗಂಟೆ ಬಾರಿಸಿ ಪೂಜೆ ಮಾಡುವ ಕೈ ಅದು. ಆದರೂ ದೇವರು ಇಷ್ಟು ಹತ್ತಿರ ಬಂದದ್ದನ್ನು ಅವನು ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಸೈರನ್ ಆದಾಗ ಅವನು ಚಕ್ರದ ಬಳಿ ಬಂದು, ಮೊಯಿದಿನಬ್ಬರ ಕೈಯ ಪಕ್ಕ ತನ್ನ ಕೈ ಇಟ್ಟ. ಮೊಯಿದಿನಬ್ಬ ಕೈ ತೆಗೆದರು. ಅವನು ತೆಗೆಯಲಿಲ್ಲ. ಎಂಬತ್ತು ಜನ ಕಾದರು.

"ಸಾರ್," ಎಂದರು ಮೊಯಿದಿನಬ್ಬ ಮೆಲ್ಲಗೆ, "ಒಳಗೆ ಯಾರೂ ಇಲ್ಲ. ಇನ್ನು ಕೈ ತೆಗೆಯಬಹುದು."