ಬಟಾಟಿ ಬಿಟ್ಟವನ ಹಾಡು

ಮೂರು ವರ್ಷ ಮುನಿ ಮಹಾರಾಜರು ಭೂಪಾಲ ಮಗದುಮ್ಮನ ಮನೆಯ ಮುಂದೆ ಹಾದುಹೋಗಿದ್ದರು. ಒಮ್ಮೆಯೂ ನಿಂತಿರಲಿಲ್ಲ. ದಿಗಂಬರ ಮುನಿಗಳು ಆಹಾರಕ್ಕೆ ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಅದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುತ್ತಾರೆ. ಗುರುತು ಏನೆಂದು ಯಾರಿಗೂ ಹೇಳುವುದಿಲ್ಲ. ಜುಗೂಳದ ಜೈನರ ಓಣಿಯಲ್ಲಿ ಪ್ರತಿ ಮನೆಯವರೂ ಕಲಶ, ತೆಂಗಿನಕಾಯಿ ಹಿಡಿದು ನಿಂತು ಅದನ್ನು ಊಹಿಸಲು ನೋಡುತ್ತಾರೆ. ಭೂಪಾಲನ ಹೆಂಡತಿ ಮಂಗಲ ಊಹಿಸುವ ಗೋಜಿಗೆ ಹೋಗಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು.

"ನಿಮ್ಮ ಇಂಗ್ಲಿಷ್ ಹಾಡ ಅವರ ಕಿವಿಗಿ ಬಿದ್ದಾವ."

"ಅವತ್ತ ಹಚ್ಚಿದ್ದಿಲ್ಲಲ್ಲ ನಾ."

"ಗ್ವಾಡ್ಯಾಗ ಇಳಿದಾವ್ರಿ. ಇಷ್ಟ ವರ್ಷ ಕೇಳಿದ ಗ್ವಾಡಿ ಸುಮ್ನ ಇರ್ತಾವೇನು?"

ಈ ಸಲ ನಿಂತರು. ಮಂಗಲ ಕಲಶ ಹಿಡಿದೇ ಬಾಗಿಲ ಪಕ್ಕಕ್ಕೆ ಸರಿದಳು. ಭೂಪಾಲ ಒದ್ದೆ ಧೋತರದಲ್ಲೇ ಪ್ರದಕ್ಷಿಣೆ ಹಾಕಿ, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ ಎಂದು ಹೇಳಿ ಅವರನ್ನು ಒಳಗೆ ಕರೆದ. ಮಹಾರಾಜರು ನಿಂತುಕೊಂಡೇ, ಜೋಡಿಸಿದ ಅಂಗೈಗಳಲ್ಲಿ, ಮಾತಿಲ್ಲದೆ ಊಟ ಮಾಡಿದರು. ಮಗ ಶ್ರೇಣಿಕ ಹಾಲು ಹಾಕಿದ. ಸೊಸೆ ಬ್ರಾಹ್ಮಿ ರೊಟ್ಟಿ ಮುರಿದು ಇಟ್ಟಳು. ಒಂದು ಕೂದಲೂ ಸಿಗಲಿಲ್ಲ, ಒಂದು ಇರುವೆಯೂ ಬರಲಿಲ್ಲ; ಸಿಕ್ಕಿದ್ದರೆ ಊಟ ಅಲ್ಲಿಗೇ ನಿಲ್ಲುತ್ತಿತ್ತು. ಊಟ ಮುಗಿದು ಅವರು ಮಣೆಯ ಮೇಲೆ ಕೂತಾಗ ಮಂಗಲ ಮೊದಲ ಬಾರಿಗೆ ನೆಟ್ಟಗೆ ಉಸಿರು ಬಿಟ್ಟಳು.

ಇನ್ನು ನೇಮ. ಆಹಾರ ಕೊಟ್ಟ ಮನೆಯವರು ಒಬ್ಬೊಬ್ಬರೂ ಏನಾದರೊಂದನ್ನು ಬಿಡಬೇಕು. ಬ್ರಾಹ್ಮಿ ರಾತ್ರಿ ಊಟ ಬಿಟ್ಟಳು. ಶ್ರೇಣಿಕ ಗುಟಕಾ ಬಿಟ್ಟ.

"ನೀ ಗುಟಕಾ ತಿಂತಿದ್ದೇನೋ?" ಎಂದಳು ಮಂಗಲ.

"ಈಗ ಬಿಟ್ಟೆ ಅಲಾ, ಅವ್ವಾ."

ಮಹಾರಾಜರು ಭೂಪಾಲನ ಕಡೆ ತಿರುಗಿದರು. ಮಂಗಲ ಮೆಲ್ಲಗೆ, "ಬಟಾಟಿ ಅನ್ರಿ," ಎಂದಳು.

"ಬಟಾಟಿ ಹಿಂದಕ ಬಿಟ್ಟೇನಿ."

"ಬದನಿಕಾಯಿ ಅನ್ರಿ."

"ಅದನ್ನೂ ಬಿಟ್ಟೇನಿ."

"ನಾಲಿಗೀದು ಸಾಕು," ಎಂದರು ಮಹಾರಾಜರು. "ನಿನಗ ಭಾಳ ಪ್ರೀತಿದು ಯಾವುದೈತಿ?"

ವಚನಶುದ್ಧಿ ಎಂದು ಹೇಳಿ ಇನ್ನೂ ಗಂಟೆಯಾಗಿರಲಿಲ್ಲ. ಸುಳ್ಳು ಹೇಳುವಂತಿರಲಿಲ್ಲ. "ಹಾಡ್ರಿ, ಮಹಾರಾಜ. ಇಂಗ್ಲಿಷ್ ಹಾಡು. ಗಿಟಾರ್, ಡ್ರಮ್ ಬಾರಿಸ್ತಾರಲ್ರಿ, ಅಂಥಾವು."

ಬ್ರಾಹ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹಾರಾಜರು ನಗಲಿಲ್ಲ.

"ಎಲ್ಲಾ ಬಿಡ್ತಿಯೇನು?"

ಭೂಪಾಲ ಒದ್ದೆ ಧೋತರದ ಅಂಚು ಹಿಂಡಿದ. ಮಹಾರಾಜರು ಅವನ ಮುಖ ನೋಡಿದರು.

"ಎಲ್ಲಾ ಬ್ಯಾಡ. ಒಂದು ಬಿಡು. ಎಲ್ಲಾದಕ್ಕಿಂತ ಹೆಚ್ಚು ಪ್ರೀತಿದು. ವಿಚಾರ ಮಾಡಿ ಸಂಜೀಕ ಬಸದಿಗಿ ಬಂದು ಹೇಳು. ನಾಳೆ ಮುಂಜಾನೆ ನಾವು ಊರು ಬಿಡ್ತೀವಿ."

ಅವರ ಕೈಯಲ್ಲಿದ್ದ ನವಿಲುಗರಿಯ ಪಿಂಛಿ ಆಶೀರ್ವಾದವಾಗಿ ಅವನ ತಲೆಗೆ ತಾಕಿತು.

ಭೂಪಾಲನಿಗೆ ಈ ಹಾಡುಗಳ ಹುಚ್ಚು ಹಿಡಿದದ್ದು ಸಾಂಗಲಿಯ ಹಾಸ್ಟೆಲಿನಲ್ಲಿ, ಹಿರಿಯ ವಿದ್ಯಾರ್ಥಿಯೊಬ್ಬನ ರೇಡಿಯೊದಿಂದ. ಹಾಡಿನ ಹೆಸರನ್ನು ನಿರೂಪಕ ಎಷ್ಟು ವೇಗವಾಗಿ ಹೇಳುತ್ತಿದ್ದನೆಂದರೆ ಅದು ಕಿವಿಗೆ ಸಿಗುತ್ತಿರಲಿಲ್ಲ. ಭೂಪಾಲ ತನ್ನದೇ ಹೆಸರು ಇಟ್ಟುಕೊಂಡ. ಡಿಗ್ರಿ ಮುಗಿಯಲಿಲ್ಲ, ಕಬ್ಬಿನ ಹೊಲಕ್ಕೆ ಮರಳಿದ, ಕ್ಯಾಸೆಟ್ಟುಗಳು ಜೊತೆಗೆ ಬಂದವು. ಹೊಳೆ ದಂಡೆಯ ಮೋಟರ್ ಮನೆಯಲ್ಲಿ ಸದ್ದಿಗೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೋಟರೇ ಹೆಚ್ಚು ಸದ್ದು ಮಾಡುತ್ತಿತ್ತು. ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತವೆ, ನಿಜವಾದ ಹೆಸರುಗಳ ಸಮೇತ. ಅವನು ಆ ಹೆಸರುಗಳನ್ನು ಓದಲು ಹೋಗಿಲ್ಲ. ಚಿತ್ರ ನೋಡಿ ಒತ್ತುತ್ತಾನೆ.

ಮಧ್ಯಾಹ್ನ ಮೋಟರ್ ಮನೆಗೆ ಹೋಗಿ, ಮೊಬೈಲನ್ನು ಸ್ಪೀಕರ್ ಡಬ್ಬಿಗೆ ಜೋಡಿಸಿ ಕೂತ. ಯಾವುದು ಎಲ್ಲಕ್ಕಿಂತ ಹೆಚ್ಚು? ಬದುವಿನ ಮೇಲೆ ನಡೆಯುತ್ತ ಈ ಲೆಕ್ಕವನ್ನು ಅವನು ಸಾವಿರ ಸಲ ಹಾಕಿದ್ದ. ಆಗ ಅದು ಆಟವಾಗಿತ್ತು. ಮೊದಲು 'ರಾಟಿ' ಹಚ್ಚಿದ. ಎರಡು ಗಿಟಾರು ಒಂದರ ಹಿಂದೊಂದು ಸುತ್ತುತ್ತಲೇ ಇರುತ್ತವೆ, ಯಾವುದು ಮುಂದೆ ಎಂದು ಗೊತ್ತಾಗುವುದಿಲ್ಲ. ಹಾಡು ಮುಗಿದ ಮೇಲೆ ತನ್ನನ್ನೇ ಕೇಳಿಕೊಂಡ: ಇದಿಲ್ಲದೆ ಇರಬಲ್ಲೆನೇ? ಇರಬಲ್ಲೆ. ಪೂರ್ತಿ ತಲೆಯೊಳಗಿದೆ. ಆಮೇಲೆ 'ಸಿಟ್ಟಿನ ಹುಡುಗಿ'. ಒಂದೊಂದು ಸಾಲನ್ನೂ ಬಾಗಿಲು ಬಡಿದ ಹಾಗೆ ಮುಗಿಸುವ ಹೆಂಗಸಿನ ದನಿ. ಶ್ರೇಣಿಕ ಹುಟ್ಟಿದ ವರ್ಷ ಅದನ್ನೇ ಕೇಳಿದ್ದ. ಅದಿಲ್ಲದೆಯೂ ಇರಬಹುದು, ಕಷ್ಟವಾಗುತ್ತದೆ. ಮೂರನೆಯದು, ನಾಲ್ಕನೆಯದು ಹಚ್ಚಿದ. ಎಲ್ಲಕ್ಕೂ ತನ್ನಿಂದ ಹೂಂ ಎಂಬ ಉತ್ತರವೇ ಬರುತ್ತಿರುವುದು ಅವನಿಗೆ ವಿಚಿತ್ರವೆನಿಸಿತು.

ಆಗ ಹೊಳೆಯಿತು. 'ತಡವಾಗಿ ಬಂದವ'ನನ್ನು ಅವನು ಹಚ್ಚಿರಲೇ ಇಲ್ಲ. ಬೆರಳು ಆ ಚಿತ್ರವನ್ನು ದಾಟಿ ಹೋಗುತ್ತಿತ್ತು. ಉಳಿದವನ್ನೆಲ್ಲ ಮುಂದೆ ದೂಡಿ ಅದನ್ನು ಹಿಂದೆ ಬಚ್ಚಿಡುತ್ತಿದ್ದ.

ಆ ಹಾಡಿನಲ್ಲಿ ಒಬ್ಬ ಗಂಡಸು ಒಂದೇ ಗಿಟಾರಿನೊಂದಿಗೆ ಅರ್ಧದವರೆಗೆ ಹಾಡುತ್ತಾನೆ. ಡ್ರಮ್ಮು ಆಮೇಲೆ ಬರುತ್ತದೆ, ಪಂಕ್ತಿಗೆ ತಡವಾಗಿ ಬಂದವನು ತಪ್ಪಾಯಿತೆಂದೂ ಹೇಳದೆ ನಡುವೆ ಕೂತುಬಿಡುವ ಹಾಗೆ. ಅಷ್ಟೇ. ಅದರಲ್ಲಿ ಇದಕ್ಕಿಂತ ಹೆಚ್ಚಿನದೇನನ್ನೂ ಅವನಿಗೆ ಯಾರಿಗೂ ವಿವರಿಸಲು ಆಗಿರಲಿಲ್ಲ.

ಪಕ್ಕದ ಹೊಲದ ಬಾಬಾಸಾಹೇಬ ಕುಡಗೋಲು ಹಿಡಿದು ಒಳಗೆ ಬಂದ. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು.

"ಏನ್ ಭೂಪಾಲಣ್ಣ, ಮಹಾರಾಜರು ನಿನ್ನ ಬರೋಬ್ಬರಿ ಹಿಡಿದಾರಂತ?"

"ಹೂಂ."

"ಬ್ಯಾರೆ ಯಾವುದರ ಒಂದ ಹೇಳಿ ಬಿಡೋ ಮಾರಾಯಾ. ನಿನ್ನ ಹಾಡಿನ ಹೆಸರ ಯಾರಪ್ಪಗ ಗೊತ್ತೈತಿ?"

"ನನಗ ಗೊತ್ತೈತಲ್ಲ."

"ನಿನಗೊಬ್ಬಗ! ನೀ ಯಾರಿಗಿ ಹೇಳಾವ?"

ಭೂಪಾಲ ಆ ಹಾಡನ್ನು ಹಚ್ಚಿದ. ನೇಮ ಇನ್ನೂ ತೊಟ್ಟಿರಲಿಲ್ಲ, ಕೊನೆಯದಾಗಿ ಕೇಳುವುದರಲ್ಲಿ ತಪ್ಪಿಲ್ಲ. ಕಣ್ಣು ಮುಚ್ಚಿದ. ಬಾಬಾಸಾಹೇಬ ಮೂಲೆಯ ಚೀಲದ ಮೇಲೆ ಕೂತು ಕಬ್ಬು ಕಡಿಯುವ ಗ್ಯಾಂಗಿನ ವಿಷಯ ತೆಗೆದ. ಬೀಡದಿಂದ ಆಳುಗಳನ್ನು ಕರೆತರುವ ಮುಕ್ಕದ್ದಮ ಫೋನು ಎತ್ತುತ್ತಿಲ್ಲ, ಅಥಣಿ ಕಡೆಯವರು ಅವನನ್ನು ಆಗಲೇ ಒಯ್ದಿರಬೇಕು, ಇಂಥವರನ್ನು ನಂಬಬಾರದು. ಡ್ರಮ್ಮು ಬಂದಾಗ ಅವನು, "ಇದ ಏನ್ ಬಡ್ಯಾಕತ್ತಾನೋ, ಡಬ್ಬಿ?" ಎಂದ. ಹಾಡು ಮುಗಿಯಿತು. ಮುಕ್ಕದ್ದಮನ ವಿಷಯ ಮುಗಿಯಲಿಲ್ಲ. ಇನ್ನೊಮ್ಮೆ ಹಚ್ಚಬಹುದಿತ್ತು. ಆದರೆ ಕೊನೆಯ ಸಲ ಎಂದುಕೊಂಡು ಕೇಳಿಯಾಗಿತ್ತು. ಭೂಪಾಲ ಡಬ್ಬಿ ಬಂದ್ ಮಾಡಿದ.

ಬಸದಿಯಲ್ಲಿ ಮಹಾರಾಜರ ಮುಂದೆ ನಾಲ್ಕಾರು ಜನ ಕೂತಿದ್ದರು. ಮಂಗಲ ಹೆಂಗಸರ ಸಾಲಿನಲ್ಲಿದ್ದಳು.

"ನಿಶ್ಚಯ ಮಾಡಿದೆಯೇನು?"

"ಮಾಡೇನ್ರಿ. ನಾ ಇಟ್ಟ ಹೆಸರು 'ತಡವಾಗಿ ಬಂದವ' ಅಂತ. ಅದೊಂದು ಇನ್ನ ಕೇಳೂದಿಲ್ರಿ."

"ಎಷ್ಟು ದಿನ?"

ನಾಲ್ಕು ತಿಂಗಳು ಎಂದು ಹೇಳಲು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದ. ಅವಧಿ ಹೇಳುವುದು ನೇಮ ತೊಡುವವನಿಗೆ ಬಿಟ್ಟದ್ದು, ಯಾರೂ ಹೆಚ್ಚು ಕೇಳುವುದಿಲ್ಲ. ಆದರೆ ಬಾಯಿ ತೆರೆಯುವಾಗ ಬಟಾಟಿ ನೆನಪಾಯಿತು. ಬಟಾಟಿಯನ್ನು ಅವನು ಜೀವನಪರ್ಯಂತ ಬಿಟ್ಟಿದ್ದ. ಬದನೆಕಾಯಿಯನ್ನೂ. ಎಲ್ಲಕ್ಕಿಂತ ಹೆಚ್ಚು ಪ್ರೀತಿಯ ಹಾಡಿಗೆ ಬಟಾಟಿಗಿಂತ ಕಡಿಮೆ ಅವಧಿ ಹೇಳಿದರೆ ಅದಕ್ಕೇ ಅವಮಾನ ಮಾಡಿದಂತೆ ಅನ್ನಿಸಿತು.

"ಜೀವನಪರ್ಯಂತ್ರಿ," ಎಂದ.

ಮಹಾರಾಜರು ಕೈ ಎತ್ತಿದರು. ಅಲ್ಲಿಗೆ ಮುಗಿಯಿತು. ಹೆಂಗಸರ ಸಾಲಿನಲ್ಲಿ ಮಂಗಲ ತಲೆ ಎತ್ತಿ ಗಂಡನನ್ನು ನೋಡಿದಳು. ಅವಳಿಗೂ ನಾಲ್ಕು ತಿಂಗಳ ನಿರೀಕ್ಷೆಯೇ ಇತ್ತು.

ಮರುದಿನ ಬೆಳಿಗ್ಗೆ ಮಹಾರಾಜರನ್ನು ಊರ ಹೊರಗಿನ ತನಕ ಕಳಿಸಿ ಬಂದ ಮಂಗಲ, ಅಂಗಳದಲ್ಲಿ ಎಮ್ಮೆಗೆ ನೀರಿಡುತ್ತಿದ್ದ ಗಂಡನ ಹತ್ತಿರ ನಿಂತಳು.

"ಯಾವ ಹಾಡ್ರಿ ಅದು? ನನಗೊಮ್ಮಿ ಕೇಳ್ಸಿ."

"ನಾ ಕೇಳೂ ಹಂಗಿಲ್ಲ."

"ನೀವು ಕೇಳ್ಬ್ಯಾಡ್ರಿ. ನಾ ಬಿಟ್ಟೇನೇನು? ಬ್ರಾಹ್ಮೀ, ನಿನ್ನ ಕಿವ್ಯಾಗ ಹಾಕ್ಕೊಳ್ಳೂದು ತಾರs."

ಬ್ರಾಹ್ಮಿ ಇಯರ್‌ಫೋನು ತಂದು ಅತ್ತೆಯ ಕಿವಿಗಳಿಗೆ ಸಿಕ್ಕಿಸಿದಳು. ಭೂಪಾಲ ಚಿತ್ರ ಹುಡುಕಿ ಕೊಟ್ಟು, ಸೊಸೆ ಒತ್ತುವ ಮೊದಲೇ ದೂರ ಹೋಗಿ ಬಣವೆಯ ಆಚೆ ನಿಂತ. ಅಲ್ಲಿಂದ ಹೆಂಡತಿಯ ಮುಖ ಕಾಣುತ್ತಿತ್ತು. ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದಳು. ನಡುವೆ ಒಮ್ಮೆ ಅವಳ ಭುಜ ಸ್ವಲ್ಪ ಜಿಗಿಯಿತು. ಡ್ರಮ್ಮು ಬಂತು ಎಂದುಕೊಂಡ. ಹಾಗೆ ಅಂದುಕೊಂಡದ್ದು ಕೇಳಿದಂತಾಗುತ್ತದೆಯೇ ಎಂಬ ಅನುಮಾನವೂ ಬಂತು. ಮುಖ ತಿರುಗಿಸಿ ನಿಂತ.

ಮುಗಿದ ಮೇಲೆ ಮಂಗಲ ಕರೆದಳು. "ಚಲೋ ಐತ್ರಿ. ಆ ಹೆಣ್ಮಗಳ ದನಿ ಚಲೋ ಐತಿ."

"ಅದರಾಗ ಹೆಣ್ಮಗಳಿಲ್ಲ. ಗಂಡಸು ಹಾಡ್ತಾನ."

"ಗಂಡಸ ಇದ್ದಾನ, ನಾ ಇಲ್ಲಂದ್ನೇನು? ಅವನ ಹಿಂದ ಸಣ್ಣಗ ಒಬ್ಬಾಕಿ ಅದಾಳ. ಅವ ಸಾಲ ಮುಗಿಸೂತ್ಲೆ ಆಕೀ ದನಿ ಇನ್ನ ಇರ್ತದ."

"ಇಲ್ಲs. ಹಾಸ್ಟೆಲಿನ್ಯಾಗಿಂದ ಕೇಳೇನಿ ನಾ."

"ಯಾವುದರಾಗ ಕೇಳೀರಿ? ರೇಡಿಯೋ, ಆ ಹರಕ ಕ್ಯಾಸೆಟ್ಟು, ಮೋಟರ ಮನ್ಯಾಗಿನ ಡಬ್ಬಿ. ಕಿವ್ಯಾಗ ಹಾಕ್ಕೊಂಡ ಎಂದರ ಕೇಳೀರೇನು?"

ಕೇಳಿರಲಿಲ್ಲ. ಇಯರ್‌ಫೋನು ಅವನಿಗೆ ಆಗುತ್ತಿರಲಿಲ್ಲ, ಕಿವಿ ತುರಿಸುತ್ತಿತ್ತು. ಅವನು ಬ್ರಾಹ್ಮಿಯ ಮುಖ ನೋಡಿದ.

"ನಾ ಕಡೀಕ ಅತ್ತೀ ಒಂದs ಕಿವ್ಯಾಗಿಂದು ಎರವಲ ತೊಗೊಂಡ ಕೇಳಿದೆ, ಮಾಮಾ," ಎಂದಳು ಬ್ರಾಹ್ಮಿ. "ಅದಾಳ."

ಎಮ್ಮೆ ಬಕೀಟು ಖಾಲಿ ಮಾಡಿ ಮೂತಿಯಿಂದ ದೂಡಿತು. ಭೂಪಾಲ ಅದನ್ನು ಎತ್ತಿಕೊಂಡ.

"ಮೊದ್ಲಿಂದಾ ಅದಾಳೇನು, ಆಮ್ಯಾಲ ಬರ್ತಾಳ?" ಎಂದು ಕೇಳಿದ.

ಮಂಗಲ ಯೋಚಿಸಿದಳು. ಖಾತ್ರಿ ಇರಲಿಲ್ಲ.

"ತಡೀರಿ, ಇನ್ನೊಮ್ಮಿ ಕೇಳಿ ಹೇಳ್ತೀನಿ," ಎಂದು ಇಯರ್‌ಫೋನನ್ನು ತಾನೇ ಕಿವಿಗೆ ಒತ್ತಿಕೊಂಡಳು. "ನೀವು ಸ್ವಲ್ಪ ಆಚೀಕ ಸರೀರಿ."

ಭೂಪಾಲ ಬಕೀಟು ಹಿಡಿದು ಬಣವೆಯ ಆಚೆಗೆ ನಡೆದ.