ಅಮ್ಮನಿಗೊಂದು ಗುಡಾಣ

ವಾಸನೆ ಬರುತ್ತಿಲ್ಲ, ಇನ್ಸುಕ್ ಗುಡಾಣದ ಬಾಯಿಗೆ ಮೂಗು ತಂದು ಉಸಿರೆಳೆದಳು, ಹಬೆ ಬೆಚ್ಚಗೆ ತಾಗುತ್ತದೆ, ಮಾಚಿಪತ್ರೆಯ ಸುಳಿವಿಲ್ಲ, ನಳಿಕೆ ಕಟ್ಟಿಕೊಂಡಿರಬೇಕು, ಇನ್ನೆರಡು ಹನಿ ಎಣ್ಣೆ ಬಿಡೋಣ — ಬಿಟ್ಟು, ತಾಮ್ರದ ಪಟ್ಟಿಯ ಮೇಲೆ ಬೆರಳಾಡಿಸಿದಳು, ಬುಡದ ಸ್ಪೀಕರು ಗುಂಯ್ ಎಂದಿತು, ಮಣ್ಣಿನ ಹೊಟ್ಟೆ ನಡುಗಿತು, ಹಬೆ ಒಂದು ಉಸಿರು ಮೇಲೆದ್ದಿತು, ಇಷ್ಟು ಸರಿಯಾಗಿದೆ, ಕೆಳಗಿನ ಅಚ್ಚುಕೂಟದ ಯಂತ್ರ ಕೂಡ ನೆಲದ ಮೂಲಕ ತಾಳ ಹಾಕುತ್ತಿದೆ, ಹಾಕಲಿ, ಉಲ್ಜಿರೋ ಪೇಟೆಯ ಈ ಓಣಿಗೆ ಅದೇ ಉಸಿರು. ಸಂಜೆ ಈ ಗುಡಾಣ-ವಾದ್ಯದ ಪ್ರದರ್ಶನ, ಅದಕ್ಕೂ ಮೊದಲೇ ಅಮ್ಮ ಬರುತ್ತಾಳೆ, ಕಿವಿ ಪೂರ್ತಿ ಹೋದ ಅಮ್ಮ, ಹೋದ ವರ್ಷ ಮುಂದಿನ ಸಾಲಿನಲ್ಲಿ ಕೂತು, ನಿನ್ನ ಕಾರ್ಯಕ್ರಮ ನೋಡೋದಂದ್ರೆ ಗಾಜಿನ ತೊಟ್ಟಿ ಮೀನು ನೋಡ್ದಂಗೆ ಕಣೆ, ಬಾಯಿ ಆಡ್ತಾನೇ ಇರುತ್ತೆ, ಎಂದು ನಕ್ಕಿದ್ದಳು, ಇವಳೂ ನಕ್ಕಿದ್ದಳು, ಆಮೇಲೆ ಅಮ್ಮನ ಸೋಯಾ ಹುದುಗಿನ ಗುಡಾಣವನ್ನೇ ಕೇಳಿ ತಂದಳು, ಉಣ್ಣೋ ಗುಡಾಣಕ್ಕೆ ಕರೆಂಟ್ ಕೊಡ್ತೀಯೇನೇ ಎಂದು ಬೈದುಕೊಂಡೇ ತೊಳೆದು ಕೊಟ್ಟಿದ್ದಳು ಅಮ್ಮ. ಇವತ್ತೂ ಮೀನು ನೋಡುವ ಮುಖವನ್ನೇ ಮಾಡಿದರೆ ಗುಡಾಣ ಮತ್ತೆ ಹುದುಗಿಗೆ, ಅದು ತೀರ್ಮಾನವಾಗಿದೆ. ಚಿಕ್ಕಂದಿನಲ್ಲಿ ನಾಜು ಊರಿನ ಮನೆಯಂಗಳದ ಹಲಗೆಮಂಚ, ಸೊಳ್ಳೆ ಓಡಿಸಲು ಹಸಿ ಮಾಚಿಪತ್ರೆಯ ಹೊಗೆ, ಅಮ್ಮನ ತೊಡೆಯ ಮೇಲೆ ತಲೆ, ಕೆನ್ನೆ ಅವಳ ಹೊಟ್ಟೆಗೊತ್ತಿ, ಅಮ್ಮನ ಹಾಡು ಕಿವಿಗಿಂತ ಮೊದಲು ಕೆನ್ನೆಗೆ ಬರುತ್ತಿತ್ತು — ಮೇಲೆ ಆ ಬೀಸಣಿಗೆ, ಅಂಚು ಹರಿದು ಬಟ್ಟೆ ಅಂಟಿಸಿದ ಕಾಗದದ ಬೀಸಣಿಗೆ, ಹೊಗೆಯನ್ನು ಮುಖದಿಂದಾಚೆ ತಳ್ಳುತ್ತ, ಎರಡು ಸಲ ಬೀಸಿ, ನಿಂತು, ಎರಡು ಸಲ ಬೀಸಿ, ನಿಂತು.

ಬಾಗಿಲು ತೆರೆಯಿತು, ಪ್ರದರ್ಶನದ ಬೆಳಕು ನೋಡಿಕೊಳ್ಳುವ ದುಹಾನ್, ಒಳಗೆ ಕಾಲಿಟ್ಟವನೇ ಸೀನಿದ, ಕಣ್ಣೊರೆಸಿಕೊಂಡು ಮತ್ತೆ ಸೀನಿದ, ಅಕ್ಕಾ, ಇದೇನು ವಾದ್ಯಾನಾ, ಇಡೀ ಓಣಿ ಸೊಳ್ಳೆ ಓಡ್ಸೋ ಹೊಗೇನಾ. ನಳಿಕೆ ಕಟ್ಟಿದೆ ಮಾರಾಯ, ವಾಸನೇನೇ ಇಲ್ಲ. ನಳಿಕೆ ಅಲ್ಲ ಕಣಕ್ಕಾ ಕಟ್ಟಿರೋದು, ನಿಮ್ಮ ಮೂಗು. ಅಯ್ಯೋ, ಅದಕ್ಕೇ ಬಸ್ಸಿನಲ್ಲಿ ಪಕ್ಕದ ಸೀಟು ಯಾವತ್ತೂ ಖಾಲಿ, ಇಷ್ಟು ದಿನ ಇದರಲ್ಲೇ ಮುಳುಗಿದ್ದು, ಹನಿಯ ಮೇಲೆ ಹನಿ ಏರಿಸುತ್ತಲೇ ಬಂದದ್ದು, ಇನ್ನೊಂದು ಗಂಟೆಗೆ ಅಮ್ಮ — ನಗು ಬಂತು, ಗಾಬರಿಯೂ. ದುಹಾನ್ ಕಿಟಕಿ ತೆರೆದು, ನಳಿಕೆಯನ್ನು ಬಿಸಿನೀರಲ್ಲಿ ಅದ್ದಿ, ಹನಿ ನಾನೇ ಬಿಡ್ತೀನಿ, ನೀವು ಗಾಳಿಗೆ ಹೋಗಿ ಎಂದು ಅವಳನ್ನು ಹೊರಗಟ್ಟಿದ, ಓಣಿಯಲ್ಲಿ ಶಾಯಿ, ಕಾಗದ, ಎಳ್ಳೆಣ್ಣೆ ಕಾಯಿಸಿದ ಘಮ, ಒಂದೊಂದೇ ಮೂಗಿಗೆ ಮರಳಿ ಬಂತು, ಎಷ್ಟು ದಿನವಾಗಿತ್ತು, ತಣ್ಣನೆ ಶಾವಿಗೆಯ ಬಟ್ಟಲು ಮುಗಿಸಿ ನಿಧಾನಕ್ಕೆ ಮೆಟ್ಟಿಲು ಹತ್ತಿದರೆ ಅಮ್ಮ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಾಳೆ, ಗುಡಾಣವನ್ನು ಗಂಡನ ಮನೆ ಸೇರಿದ ಮಗಳನ್ನು ನೋಡಿದ ಹಾಗೆ ನೋಡುತ್ತ.

ಇನ್ಸುಕ್ ಅಮ್ಮನ ಎಡಗೈ ಹಿಡಿದು ಗುಡಾಣದ ಹೊಟ್ಟೆಗೆ ಒತ್ತಿ ಇಟ್ಟಳು, ತಾನು ನೆಲದಲ್ಲಿ ಕೂತು ತಲೆ ತಗ್ಗಿಸಿ ಪಟ್ಟಿಯ ಮೇಲೆ ಬೆರಳಿಟ್ಟಳು, ಗುಂಯ್, ನಡುಕ, ಓರೆಗಣ್ಣಲ್ಲಿ ನೋಡಿದರೆ ಅಮ್ಮನ ಮುಖದಲ್ಲಿ ಅದೇ, ಮೀನು ನೋಡುವ ನಗೆ, ಇರಲಿ, ಬೆರಳೆತ್ತಬಾರದು, ಹುದುಗಿಗೇ ಹೋಗಲಿ, ಆದರೂ ಎತ್ತಬಾರದು, ಕೆಳಗೆ ಅಚ್ಚಿನ ಯಂತ್ರ ನಿಂತಿತು, ಹಬೆ ಅಮ್ಮನ ಗಲ್ಲಕ್ಕೆ ಬಂತು, ಈಗ ಇವಳ ಮೂಗಿಗೂ ಬಂತು, ತೆಳ್ಳಗೆ, ಹಸಿಹಸಿ ಮಾಚಿಪತ್ರೆ, ಅಮ್ಮನ ನಗೆ ಎಲ್ಲೋ ಇಳಿದುಹೋಯಿತು, ಎಡಗೈ ಗುಡಾಣದ ಮೇಲೇ ಇದೆ, ಬಲಗೈ ಮಡಿಲಿನಿಂದ ಎದ್ದಿತು, ಖಾಲಿ ಕೈ, ಇನ್ಸುಕ್‌ಳ ತಗ್ಗಿದ ತಲೆಯ ಮೇಲೆ, ಆ ಅಂಚು ಹರಿದ ಬೀಸಣಿಗೆ ಹಿಡಿದ ಹಾಗೆ, ಎರಡು ಸಲ ಬೀಸಿ, ನಿಂತು, ಎರಡು ಸಲ ಬೀಸಿ, ನಿಂತು —